ಹೊಸ ಟರ್ಬೋ, ಹಳೇ ಪೈಪು

ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ತಿರುವುಗಳಲ್ಲಿ ಮೆರೆದು ಸೋಮವಾರ ನೀಲಿ ಹೊಗೆ ಬಿಡುತ್ತಾ ಗ್ಯಾರೇಜಿಗೆ ಬರುವ ಹಳೇ ಟರ್ಬೋ ಗಾಡಿಗಳಿಗೆ ಚಿಕ್ಕಬಳ್ಳಾಪುರದಲ್ಲಿ ಬರವಿಲ್ಲ. ಗಾಡಿ ಬೇರೆಬೇರೆ, ಮಾತು ಮಾತ್ರ ಒಂದೇ: "ಅಣ್ಣಾ, ಟರ್ಬೋ ಹೋಗಿದೆ. ಹೊಸದು ತರಿಸಿ ಹಾಕ್ಬಿಡಿ. ಎಷ್ಟಾಗುತ್ತೆ?" ಟರ್ಬೋ ಎಂದರೆ ಎಗ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು. ಕಾಯಿಲೆ ಯಾವುದೆಂದು ಗಾಡಿ ತಂದವರೇ ತೀರ್ಮಾನಿಸಿ, ಚೀಟಿಯನ್ನೂ ಅವರೇ ಬರೆದುಕೊಂಡು ಬಂದಿರುತ್ತಾರೆ. ಇಂಜಿನ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಿದರೆ "ಅದಕ್ಕೂ ಇದಕ್ಕೂ ಏನು ಸಂಬಂಧ?" ಎನ್ನುವ ಮುಖ.

ಸಂಬಂಧ ಇದೆ. ಇರುವುದೇ ಅದೊಂದು.

ನಮ್ಮ ಕಡೆ ರೈತರ ಮಕ್ಕಳಿಗೆ ಇದನ್ನು ಹೇಳುವುದು ಸುಲಭವಾಗಬೇಕು. ಸಾವಿರಾರು ಅಡಿ ಬೋರು ಕೊರೆಸಿದವರು ಇವರು. ಮೋಟಾರ್ ಸುಟ್ಟುಹೋದರೆ ವೈಂಡಿಂಗ್ ಮಾಡಿಸಿ ಹಾಗೇ ಇಳಿಸುತ್ತಾರೆಯೇ? ಇಲ್ಲ. ನೀರು ಕೆಳಗೆ ಹೋಗಿ ಒಣಗಲು ಓಡಿತೋ, ಒಂದು ಫೇಸ್ ಹೋಗಿತ್ತೋ, ಕೇಬಲ್ ಕಡೆಯಿಂದ ತೊಂದರೆಯೋ ಎಂದು ನೋಡಿ, ಆಮೇಲೆ ಇಳಿಸುತ್ತಾರೆ. ಅದೇ ಮನುಷ್ಯ ಕಾರಿನ ವಿಷಯಕ್ಕೆ ಬಂದಾಗ, ಟರ್ಬೋ ಯಾಕೆ ಹೋಯಿತು ಎಂದು ನೋಡಲು ಅರ್ಧ ದಿನ ಕೇಳಿದರೆ ಮುಖ ಗಂಟಿಕ್ಕುತ್ತಾನೆ. ಹೊಸ ಟರ್ಬೋ ಹಾಕಿಸಿಕೊಂಡು ಹೋದವರು ಎರಡು ಮೂರು ಸಾವಿರ ಕಿಲೋಮೀಟರಿಗೆ ಅದೇ ಹೊಗೆಯೊಂದಿಗೆ ವಾಪಸ್ ಬರುವುದು ಇದರಿಂದಲೇ. ಆಗ ಬೈಗುಳ ತಿನ್ನುವುದು ಟರ್ಬೋ ಕಂಪನಿ, ಇಲ್ಲವೇ ಮೆಕ್ಯಾನಿಕ್ಕು.

ಟರ್ಬೋ ಒಳಗಿನ ಶಾಫ್ಟ್ ಇಂಜಿನ್ನಿನಂತೆ ಆರು ಸಾವಿರ ಸುತ್ತಿಗೆ ಸುಸ್ತಾಗುವುದಿಲ್ಲ. ಪೂರ್ತಿ ಲೋಡಿನಲ್ಲಿ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುತ್ತದೆ. ಒಂದು ತುದಿಗೆ ಸುಮಾರು 900 ಡಿಗ್ರಿ ಬಿಸಿಯ ಹೊಗೆ ಬಡಿಯುತ್ತಿರುತ್ತದೆ, ಇನ್ನೊಂದು ತುದಿಯಲ್ಲಿ ಹೊರಗಿನ ಗಾಳಿ. ಈಗಿನ ಕೆಲವು ದುಬಾರಿ ಟರ್ಬೋಗಳನ್ನು ಬಿಟ್ಟರೆ ಮಿಕ್ಕವುಗಳಲ್ಲಿ ಬಾಲ್ ಬೇರಿಂಗ್ ಇರುವುದಿಲ್ಲ, ಇರುವುದು ಬುಷ್, ಅಂದರೆ ಶಾಫ್ಟ್ ಸುತ್ತ ಕೂರುವ ಲೋಹದ ಬಳೆ. ಶಾಫ್ಟಿಗೂ ಬುಷ್ಷಿಗೂ ನಡುವೆ ಮಿಲಿಮೀಟರಿನ ಕೆಲವೇ ನೂರನೇ ಭಾಗದಷ್ಟು ಆಯಿಲ್ ಪದರ ಇರುತ್ತದೆ. ಶಾಫ್ಟ್ ತೇಲುವುದು ಅದರ ಮೇಲೆ. ಆ ಪದರ ಕೆಲವು ಸೆಕೆಂಡು ತಪ್ಪಿದರೂ ಲೋಹ ಲೋಹವನ್ನು ತಿನ್ನುತ್ತದೆ. ಹಾಗಾಗಿ ತಾನಾಗಿ ಸವೆದು ಸತ್ತ ಟರ್ಬೋ ಅಪರೂಪ. ಆಯಿಲ್ ಸಿಗದೆಯೋ, ಕೊಳಕು ಆಯಿಲ್ ಕುಡಿದೋ, ಏನನ್ನೋ ನುಂಗಿಯೋ ಸಾಯುವುದೇ ಹೆಚ್ಚು.

ಆಯಿಲ್ ಟರ್ಬೋಗೆ ಹೋಗುವುದು ಒಂದು ಸಣ್ಣ ಲೋಹದ ಪೈಪಿನಲ್ಲಿ. ಸ್ಕೋಡಾದ ಹಳೇ ಆಕ್ಟೇವಿಯಾ ಆರ್‌ಎಸ್‌ನ 1.8 ಲೀಟರ್ ಟರ್ಬೋ ಇಂಜಿನ್ನಿನಲ್ಲಿ ಅದು ಆಯಿಲ್ ಫಿಲ್ಟರ್ ಕಡೆಯಿಂದ ಹೊರಟು, ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರವೇ ಹಾದು ಟರ್ಬೋ ತಲೆಯ ಮೇಲೆ ಕೂರುತ್ತದೆ. ಬಿಸಿ ಗಾಡಿಯನ್ನು ಥಟ್ಟನೆ ಆಫ್ ಮಾಡಿದಾಗ ಪೈಪಿನೊಳಗಿನ ಆಯಿಲ್ ನಿಂತಲ್ಲೇ ಕಾಯುತ್ತದೆ, ಸೀಯುತ್ತದೆ. ಸೀದದ್ದು ಇದ್ದಿಲಿನಂತೆ ಗೋಡೆಗೆ ಅಂಟುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಪೈಪಿನ ದಾರಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಸೌಟಿನ ತಳಕ್ಕೆ ಕೂತ ಕರಿ ಹೇಗೆ ಉಜ್ಜಿದರೂ ಹೋಗುವುದಿಲ್ಲವೋ, ಅದೇ ಕರಿ ಇದು.

ತಪ್ಪು ಆಗುವುದು ಇಲ್ಲಿ. ಟರ್ಬೋ ಬಿಚ್ಚಿದವರು ಪೈಪನ್ನು ಬಾಯಿಗಿಟ್ಟು ಊದುತ್ತಾರೆ. "ನೋಡಿ, ಗಾಳಿ ಬರ್ತಿದೆ, ಪೈಪ್ ಚೆನ್ನಾಗೇ ಇದೆ." ಗಾಳಿ ಸೂಜಿಯಷ್ಟು ತೂತಿನಲ್ಲೂ ಬರುತ್ತದೆ. ಟರ್ಬೋಗೆ ಬೇಕಿರುವುದು ಗಾಳಿಯಲ್ಲ, ಒತ್ತಡದಲ್ಲಿ ಧಾರೆಯಾಗಿ ಬರುವ ಆಯಿಲ್. ಇನ್ನು ಕೆಲವರು ಜಾಣರು: ಪೈಪಿನೊಳಗೆ ಡೀಸೆಲ್ ಹಾಕಿ, ಕಂಪ್ರೆಸರ್ ಗಾಳಿ ಹೊಡೆದು, ತಂತಿ ಆಡಿಸಿ "ಕ್ಲೀನ್" ಮಾಡುತ್ತಾರೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಅಂಟಿಕೊಂಡಿದ್ದ ಕರಿ ಸಡಿಲವಾಗಿ, ಗಾಡಿ ಓಡತೊಡಗಿದ ಮೇಲೆ ಚಕ್ಕೆಚಕ್ಕೆಯಾಗಿ ಎದ್ದು ನೇರ ಹೊಸ ಬುಷ್ಷಿನೊಳಗೆ ಹೋಗುತ್ತದೆ. ಪೈಪಿನ ನಂತರ ಫಿಲ್ಟರ್ ಇಲ್ಲ ಎಂಬುದು ನೆನಪಿರಲಿ; ಫಿಲ್ಟರ್ ಅದರ ಹಿಂದಿದೆ.

ಆದ್ದರಿಂದ ಟರ್ಬೋ ಹೊಸದಾದರೆ ಪೈಪೂ ಹೊಸದೇ. ಬ್ಯಾಂಜೋ ಬೋಲ್ಟ್ (ಒಳಗೇ ಆಯಿಲ್ ಹಾಯುವ ತೂತಿನ ಬೋಲ್ಟ್) ಇದ್ದಲ್ಲಿ ಅದರ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಬದಿಯ ವಾಷರ್‌ಗಳೂ ಹೊಸವು. ವಾಷರ್ ಉಳಿಸಲು ಸಿಲಿಕಾನ್ ಪೇಸ್ಟ್ ಹಚ್ಚುವ ಪುಣ್ಯಾತ್ಮರಿದ್ದಾರೆ. ಒಳಗೆ ಉಕ್ಕಿದ ಪೇಸ್ಟು ಮುರಿದು ಆಯಿಲ್ ದಾರಿಗೇ ಬೀಳುತ್ತದೆ. ಟರ್ಬೋದ ಆಯಿಲ್ ಪೈಪಿನ ಯಾವ ಜಾಯಿಂಟಿಗೂ ಪೇಸ್ಟು ಬೇಡ.

ಅಲ್ಲಿಗೆ ಅರ್ಧ ಕೆಲಸ. ಚೇಂಬರ್, ಅಂದರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಇಳಿಸಲೇಬೇಕು. ಗಿರಾಕಿಗಳಿಗೆ ತುಂಬಾ ಕಷ್ಟವಾಗುವ ಮಾತು ಇದು, ಯಾಕೆಂದರೆ ಲೇಬರ್ ಹೆಚ್ಚಾಗುತ್ತದೆ. ಚೇಂಬರ್ ಒಳಗೆ ಆಯಿಲ್ ಪಂಪಿನ ಬಾಯಿಗೆ ಜಾಲರಿಯ ಸ್ಟ್ರೈನರ್ ಇರುತ್ತದೆ. ಹಳೇ ಗಾಡಿಗಳಲ್ಲಿ ಆ ಜಾಲರಿಯ ಮೇಲೆ ಕರಿಯ ಚೂರು, ಹಿಂದೆ ಯಾರೋ ಹಚ್ಚಿದ ಪೇಸ್ಟಿನ ಎಳೆ, ಕೆಲವೊಮ್ಮೆ ಚೈನ್ ಗೈಡಿನ ಪ್ಲಾಸ್ಟಿಕ್ ತುಂಡು. ಐಡಲಿಂಗಿನಲ್ಲಿ ಆಯಿಲ್ ಲೈಟು ಬಾರದೆಯೂ ಇರಬಹುದು. ಬೆಟ್ಟ ಹತ್ತಿಸುವಾಗ, ಟರ್ಬೋಗೆ ಹೆಚ್ಚು ಬೇಕಾದಾಗಲೇ ಒತ್ತಡ ಬೀಳುತ್ತದೆ. ಅನುಮಾನವಿದ್ದರೆ ಪ್ರೆಶರ್ ಸ್ವಿಚ್ ಬಿಚ್ಚಿ ಮೆಕ್ಯಾನಿಕಲ್ ಗೇಜ್ ಕೂರಿಸಿ ಅಳೆಯಿರಿ. ಆಯಿಲ್ 80 ಡಿಗ್ರಿ ಇರುವಾಗ 2,000 ಆರ್‌ಪಿಎಂನಲ್ಲಿ ಕನಿಷ್ಠ 2 ಬಾರ್ ಬರಬೇಕು. ತಣ್ಣಗಿರುವಾಗ ಅಳೆದ ಅಂಕಿಗೆ ಬೆಲೆಯಿಲ್ಲ, ದಪ್ಪ ಆಯಿಲ್ ಎಲ್ಲರನ್ನೂ ಶೂರರನ್ನಾಗಿ ಮಾಡುತ್ತದೆ. ಚೇಂಬರ್ ವಾಪಸ್ ಕೂರಿಸುವಾಗ ಪೇಸ್ಟಿನ ಗೆರೆ 2ರಿಂದ 3 ಮಿಲಿಮೀಟರ್ ಸಾಕು. ಕೇಕಿಗೆ ಕ್ರೀಂ ಹಾಕಿದಂತೆ ಹಾಕಿದರೆ ಒಳಗೆ ಹಿಂಡಿದ್ದು ಮುಂದಿನ ವರ್ಷ ಅದೇ ಜಾಲರಿಯಲ್ಲಿ ಸಿಗುತ್ತದೆ.

ಕೆಸರು ಕಟ್ಟಿದ ಇಂಜಿನ್ನಿಗೆ ಫ್ಲಶ್ ಬಾಟಲಿ ಸುರಿಯಬೇಡಿ. ಒಮ್ಮೆಲೇ ಕಿತ್ತುಬಂದ ಕೆಸರು ಹೋಗಿ ಕೂರುವ ಜಾಗ ಸ್ಟ್ರೈನರ್. ಚೇಂಬರ್ ಕೈಯಿಂದ ತೊಳೆದು, ಒಳ್ಳೆಯ ಆಯಿಲ್ ಹಾಕಿ, 500 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, ಮತ್ತೆ 1,500 ಆದಾಗ ಒಮ್ಮೆ ಫಿಲ್ಟರ್ ಸಮೇತ ಬದಲಿಸುವುದು ನಿಧಾನದ ದಾರಿ, ಆದರೆ ಸರಿಯಾದ ದಾರಿ. ಆಯಿಲ್ ಡಬ್ಬದ ಮೇಲೆ "ಫುಲ್ಲಿ ಸಿಂಥೆಟಿಕ್" ಎಂದಿದ್ದರಷ್ಟೇ ಸಾಲದು. ಫೋಕ್ಸ್‌ವ್ಯಾಗನ್, ಸ್ಕೋಡಾ ಪೆಟ್ರೋಲ್ ಟರ್ಬೋಗಳಿಗೆ ಹಿಂಬದಿಯ ಸಣ್ಣಕ್ಷರದಲ್ಲಿ ವಿಡಬ್ಲ್ಯೂ 502 00 ಎಂಬ ಕಂಪನಿಯ ಗುಣಮಟ್ಟದ ಗುರುತು ಇದೆಯೇ ನೋಡಿ. ಹಳೇ ಗಾಡಿಗೆ ಆಯಿಲ್ ಬದಲಿಸುವ ಲೆಕ್ಕ 7,500 ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಸರ್ವೀಸ್ ಪುಸ್ತಕದಲ್ಲಿ 15,000 ಎಂದಿದೆ ಎಂದು ವಾದ ಮಾಡುವವರಿಗೆ ಒಂದೇ ಉತ್ತರ: ಆ ಪುಸ್ತಕ ಬರೆದಾಗ ಗಾಡಿ ಹೊಸದಿತ್ತು.

ಕೂರಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ, ಎದುರು ನಿಂತು ಮಾಡಿಸಿಕೊಳ್ಳಿ. ಹೊಸ ಟರ್ಬೋದ ಮೇಲಿನ ತೂತಿಗೆ ಶುದ್ಧ ಆಯಿಲ್ ಸುರಿದು ಶಾಫ್ಟನ್ನು ಕೈಯಲ್ಲಿ ತಿರುಗಿಸಬೇಕು. ಪೈಪ್ ಜೋಡಿಸಿ, ಕೆಳಗಿನ ರಿಟರ್ನ್ ಪೈಪನ್ನು ಸದ್ಯಕ್ಕೆ ಬಿಟ್ಟು ಒಂದು ಬಾಟಲಿ ಹಿಡಿಯಬೇಕು. ಫ್ಯುಯೆಲ್ ಪಂಪ್ ಫ್ಯೂಸ್ ಕಿತ್ತು, ಹತ್ತು ಸೆಕೆಂಡಿನಂತೆ ಬಿಟ್ಟುಬಿಟ್ಟು ಸೆಲ್ಫ್ ಹೊಡೆಯಬೇಕು. ಬಾಟಲಿಗೆ ಆಯಿಲ್ ಬಂದದ್ದು ಕಣ್ಣಾರೆ ಕಂಡ ಮೇಲೆ ರಿಟರ್ನ್ ಜೋಡಿಸಿ, ಫ್ಯೂಸ್ ಹಾಕಿ, ಸ್ಟಾರ್ಟ್ ಮಾಡಿ ಐದು ನಿಮಿಷ ಐಡಲಿಂಗ್. "ಸೌಂಡ್ ನೋಡೋಣ" ಎಂದು ಮೊದಲ ನಿಮಿಷದಲ್ಲೇ ರೇಸ್ ಮಾಡುವ ಕಾಲನ್ನು ಯಾರಾದರೂ ಹಿಡಿದುಕೊಂಡಿರಬೇಕು.

ಹೊಗೆಯ ವಿಷಯದಲ್ಲಿ ಇನ್ನೊಂದು. ಟರ್ಬೋ ಒಳಗೆ ರಬ್ಬರ್ ಸೀಲ್ ಇಲ್ಲ. ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ರಿಂಗುಗಳಿವೆ, ಅವು ಆಯಿಲ್ ತಡೆಯುವುದು ಎರಡೂ ಬದಿಯ ಒತ್ತಡ ಸರಿಯಿರುವವರೆಗೆ. ರಿಟರ್ನ್ ಪೈಪ್ ಬರೀ ಇಳಿಜಾರಿನಲ್ಲಿ ಹರಿಯುವಂಥದ್ದು, ಅದನ್ನು ತಳ್ಳುವವರು ಯಾರೂ ಇಲ್ಲ. ಅದು ಕಟ್ಟಿದರೆ, ಅಥವಾ ಇಂಜಿನ್ನಿನ ಬ್ರೀದರ್ (ಒಳಗಿನ ಗಾಳಿ ಹೊರಬಿಡುವ ದಾರಿ) ಕಟ್ಟಿ ಒಳಗೆ ಗಾಳಿ ಒತ್ತಿದರೆ, ಆಯಿಲ್ ಹಿಂದಕ್ಕೆ ನಿಂತು ರಿಂಗುಗಳನ್ನು ದಾಟಿ ಸೈಲೆನ್ಸರಿಗೆ ಬರುತ್ತದೆ. ಟರ್ಬೋ ಅಚ್ಚುಕಟ್ಟಾಗಿದ್ದರೂ ನೀಲಿ ಹೊಗೆ. ಐಡಲಿಂಗಿನಲ್ಲಿ ಆಯಿಲ್ ಮುಚ್ಚಳ ತೆಗೆದು ಆ ತೂತಿನ ಬಾಯಿಗೆ ತೆಳುವಾದ ರಬ್ಬರ್ ಗ್ಲೌಸ್ ಹಿಡಿಯಿರಿ. ಬ್ರೀದರ್ ಸರಿಯಿದ್ದರೆ ಗ್ಲೌಸ್ ಒಳಕ್ಕೆ ಮೆಲ್ಲಗೆ ಎಳೆದುಕೊಳ್ಳುತ್ತದೆ. ಊದಿಕೊಂಡು ಎದ್ದು ನಿಂತರೆ ಮೊದಲು ಬ್ರೀದರ್ ಹೋಸುಗಳನ್ನು ನೋಡಿ, ಅದೂ ಸರಿಯಿದ್ದರೆ ಕಂಪ್ರೆಷನ್ ನೋಡಿ. ಟರ್ಬೋ ಬಿಲ್ಲು ಆಮೇಲೆ.

ಹಳೇ ಟರ್ಬೋ ಗಾಡಿ ಕೊಳ್ಳಲು ಹೊರಟವರಿಗೆ. ಮಾರುವವನಿಗೆ ಹಿಂದಿನ ರಾತ್ರಿಯೇ ಹೇಳಿ, ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾನೆ, ಇಲ್ಲವೇ ಮಾತು ಕೇಳುವವನಲ್ಲ. ಎರಡೂ ಒಳ್ಳೆಯ ಲಕ್ಷಣವಲ್ಲ. ಆಯಿಲ್ ಮುಚ್ಚಳದ ಕೆಳಗೂ ಒಳಗೂ ಟಾರ್ಚ್ ಬಿಡಿ: ಜೇನಿನ ಬಣ್ಣವಾದರೆ ಸರಿ, ಕಾಫಿ ಗಷ್ಟಿನಂತೆ ಕರಿ ಕೂತಿದ್ದರೆ ಮೇಲೆ ಹೇಳಿದ ಕೆಲಸವೆಲ್ಲ ನಿಮ್ಮ ತಲೆಗೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಹಳೇ ಟಿಎಸ್‌ಐ (ಫೋಕ್ಸ್‌ವ್ಯಾಗನ್, ಸ್ಕೋಡಾದ ಟರ್ಬೋ ಪೆಟ್ರೋಲ್ ಇಂಜಿನ್) ಗಾಡಿಯಾದರೆ ಮೊದಲ ಎರಡು ಸೆಕೆಂಡು ಟೈಮಿಂಗ್ ಚೈನಿನ ಗಡಗಡ ಸದ್ದಿಗೆ ಕಿವಿಗೊಡಿ. ಬಿಸಿಯಾದ ಮೇಲೆ ಐದು ನಿಮಿಷ ಐಡಲಿಂಗ್ ಬಿಟ್ಟು ಒಮ್ಮೆ ರೇಸ್ ಮಾಡಿ, ಹೊಗೆ ನೋಡಲು ಹಿಂದೆ ಸ್ನೇಹಿತರನ್ನು ನಿಲ್ಲಿಸಿ. ಟರ್ಬೋ ಬಾಯಿಯ ಹೋಸ್ ಬಿಚ್ಚಿದರೆ ತೆಳುವಾದ ಆಯಿಲ್ ಪಸೆ ಇರುವುದು ಸಹಜ, ಕೆಳಗೆ ಮಡುಗಟ್ಟಿರಬಾರದು. ಶಾಫ್ಟನ್ನು ಪಕ್ಕಕ್ಕೆ ಆಡಿಸಿದರೆ ಸ್ವಲ್ಪ ಪ್ಲೇ ಇದ್ದೇ ಇರುತ್ತದೆ, ಹೆದರಬೇಡಿ. ಹಿಂದೆ ಮುಂದೆ ಎಳೆದಾಗ ಕೈಗೆ ತಿಳಿಯುವಷ್ಟು ಆಡಿದರೆ, ಅಥವಾ ರೆಕ್ಕೆ ಗೋಡೆಗೆ ತಾಗಿದ ಗೀರು ಕಂಡರೆ, ಟರ್ಬೋ ಮುಗಿದಿದೆ.

ಸ್ಕ್ಯಾನರ್ ಹಾಕಿಸಿದಾಗ ಒಂದು ಮಾತು. ಇಂಜಿನ್ ಆಫ್, ಇಗ್ನಿಷನ್ ಆನ್ ಇಟ್ಟು ಬೂಸ್ಟ್ ಸೆನ್ಸರ್ (ಟರ್ಬೋ ತುಂಬುವ ಗಾಳಿಯ ಒತ್ತಡ ಅಳೆಯುವುದು) ಓದಿ. ಸಮುದ್ರಮಟ್ಟದಲ್ಲಿ 1,013 ಮಿಲಿಬಾರ್ ಇರುವ ಗಾಳಿ, 900 ಮೀಟರ್ ದಾಟಿರುವ ನಮ್ಮೂರಲ್ಲಿ 910ರ ಆಸುಪಾಸು. 1,478 ಮೀಟರ್ ಎತ್ತರದ ನಂದಿ ಮೇಲೆ 850. ಊರಲ್ಲಿ ನಿಂತು 1,000 ತೋರಿಸುತ್ತಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಆಕ್ಟೇವಿಯಾ ಆರ್‌ಎಸ್‌ನಲ್ಲಿ ಸ್ಕ್ಯಾನರಿನ 115ನೇ ಬ್ಲಾಕ್ (ಅಳತೆಗಳ ಪಟ್ಟಿ) ತೆರೆದು ಮೂರನೇ ಗೇರಿನಲ್ಲಿ 2,000ದಿಂದ 4,000 ಆರ್‌ಪಿಎಂವರೆಗೆ ಎಕ್ಸಲರೇಟರ್ ಪೂರ್ತಿ ಒತ್ತಿ: ಇಂಜಿನ್ ಕೇಳಿದ ಒತ್ತಡ ಒಂದು ಕಡೆ, ಸಿಕ್ಕಿದ್ದು ಇನ್ನೊಂದು ಕಡೆ. ಸಿಕ್ಕಿದ್ದು ನೂರು ಮಿಲಿಬಾರಿಗಿಂತ ಹೆಚ್ಚು ಹಿಂದೆಯೇ ಉಳಿದರೆ ಹರಿದ ಹೋಸು, ಡೈವರ್ಟರ್ ವಾಲ್ವ್ (ಕಾಲು ಎತ್ತಿದಾಗ ಮಿಕ್ಕ ಗಾಳಿ ಬಿಡುವುದು), ಸಡಿಲ ಕ್ಲಾಂಪು ಇವನ್ನು ಹುಡುಕಿ. "ಪಿಕಪ್ ಇಲ್ಲ" ಎಂದು ಬಂದ ಗಾಡಿಗೆ ಒಂದು ಹೋಸ್ ಬದಲಿಸಿ ಕಳಿಸಿದಾಗ ಗಿರಾಕಿಗೆ ಆಗುವ ನಿರಾಸೆ ನೋಡಬೇಕು, ದೊಡ್ಡ ಕಾಯಿಲೆ ಬಂದಿದೆ ಎಂದು ಊರಿಗೆಲ್ಲ ಹೇಳಿರುತ್ತಾನೆ.

ಆಕ್ಟೇವಿಯಾ ಆರ್‌ಎಸ್‌ಗೆ ಟೈಮಿಂಗ್ ಬೆಲ್ಟ್. ಹರಿದರೆ ವಾಲ್ವ್ ಬಾಗುತ್ತವೆ. ಬದಲಿಸಿದ ಬಿಲ್ಲು ತೋರಿಸದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ, ವಾಟರ್ ಪಂಪೂ ಅದರ ಜೊತೆಗೇ. 1.8 ಟಿಎಸ್‌ಐ ಲಾರಾ ಆರ್‌ಎಸ್‌ನಲ್ಲಿ ಚೈನ್ ಟೆನ್ಷನರ್ ಮತ್ತು ಆಯಿಲ್ ಕುಡಿಯುವ ಚಾಳಿ. ಹಳೇ ಪೋಲೋ ಜಿಟಿ ಟಿಎಸ್‌ಐ ಆದರೆ ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಗೇರ್ ಪೆಟ್ಟಿಗೆ, ಅದರ ಬಗ್ಗೆ ಬರೆದರೆ ಇನ್ನೊಂದು ಅಂಕಣವೇ ಬೇಕು. ಕಾಗದಪತ್ರ: 15 ವರ್ಷ ದಾಟಿದ್ದರೆ ಆರ್‌ಸಿ ನವೀಕರಣ ಆಗಿದೆಯೇ ನೋಡಿ, ಅದು ಐದು ವರ್ಷಕ್ಕೊಮ್ಮೆ, 2022ರ ಏಪ್ರಿಲ್‌ನಿಂದ ಅದರ ಶುಲ್ಕವೂ ಏರಿದೆ. ದೆಹಲಿ ಕಡೆಯ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮುನ್ನ ಎನ್‌ಒಸಿ ಮತ್ತು ಇಲ್ಲಿನ ಲೈಫ್ ಟ್ಯಾಕ್ಸ್ ಕೂಡಿಸಿ ಕೆಎ-40 ನಂಬರ್ ಬೀಳುವಷ್ಟರಲ್ಲಿ ಎಷ್ಟಾಗುತ್ತದೆ ಎಂದು ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿಕೊಳ್ಳಿ.

ನಂದಿಗೆ ಹೋಗಬೇಡಿ ಎನ್ನುವುದಿಲ್ಲ. ಹತ್ತುವಾಗ ಕೊನೆಯ ಒಂದೆರಡು ಕಿಲೋಮೀಟರ್ ಕಾಲು ಎತ್ತಿ ಮೆಲ್ಲಗೆ ಹೋಗಿ. ಪಾರ್ಕಿಂಗಿನಲ್ಲಿ ಒಂದು ನಿಮಿಷ ಐಡಲಿಂಗ್ ಬಿಟ್ಟು ಆಫ್ ಮಾಡಿ. ಬಿ.ಬಿ. ರಸ್ತೆಯಲ್ಲಿ ತರಕಾರಿ ತಂದು ಮನೆ ಮುಂದೆ ಹತ್ತು ನಿಮಿಷ ಗಾಡಿ ಉರಿಸುತ್ತಾ ಕೂರುವುದು ಬೇಕಿಲ್ಲ, ಆ ಓಟಕ್ಕೆ ಟರ್ಬೋ ಕಾದೇ ಇರುವುದಿಲ್ಲ. ಟಿಎಸ್‌ಐ ಗಾಡಿಗಳಲ್ಲಿ ಆಫ್ ಮಾಡಿದ ಮೇಲೂ ಕೆಲವು ನಿಮಿಷ ಬಾನೆಟ್ ಒಳಗೆ ಗುಂಯ್ ಎನ್ನುವ ಸದ್ದು ಬರಬಹುದು. ಅದು ಬಿಸಿ ಇಳಿಸಲು ಓಡುವ ಫ್ಯಾನ್ ಅಥವಾ ನೀರಿನ ಸಣ್ಣ ಪಂಪ್. ಬ್ಯಾಟರಿ ಇಳಿದುಹೋಗುತ್ತದೆಂದು ಹೆದರಿ ಅದರ ವೈರು ಕಿತ್ತು ಟೇಪು ಸುತ್ತಿದ ಗಾಡಿಗಳೂ ಬರುತ್ತವೆ. ಕಿತ್ತಿದ್ದರೆ ವಾಪಸ್ ಜೋಡಿಸಿ.