ಗೌರಿ ಹೂವನ್ನು ಪಕ್ಕದಿಂದ ನೋಡಬೇಕು

ಚೌತಿ ಹತ್ತಿರವಾದಂತೆ ಶಿರಸಿಯ ಬೇಣಗಳ ಬೇಲಿಯಲ್ಲಿ, ಕುಮಟಾ, ಹೊನ್ನಾವರದ ರಸ್ತೆಯಂಚಿನ ಪೊದೆಗಳಲ್ಲಿ ಗೌರಿ ಹೂವು ಅರಳುತ್ತದೆ. ಜೊತೆಗೇ ಮೊಬೈಲ್‌ಗಳಲ್ಲಿ ಅದರ ಚಿತ್ರಗಳೂ ಹರಿದಾಡುತ್ತವೆ. ಹೆಚ್ಚಿನವು ಒಂದೇ ಬಗೆಯವು: ಮೇಲೆದ್ದ ಆರು ಕೆಂಪು ಎಸಳು, ಹಿಂದೆ ಮಸುಕು ಹಸಿರು. ಅಗ್ನಿಶಿಖೆ ಎಂಬ ಇನ್ನೊಂದು ಹೆಸರಿಗೆ ಅಷ್ಟು ಸಾಕು. ಹೂವಿನ ಕಸುಬು ಮಾತ್ರ ಎಸಳುಗಳ ಕೆಳಗೆ ನಡೆಯುತ್ತದೆ, ಚಿತ್ರದಲ್ಲಿ ಕತ್ತರಿಸಿ ಹೋಗುವುದೂ ಆ ಭಾಗವೇ.

ಈ ಹೂವು ತಲೆ ಕೆಳಗಾಗಿ ತೂಗುತ್ತದೆ. ಎಸಳುಗಳು ಹಿಂದಕ್ಕೆ ಬಾಗಿ ಮೇಲೇಳುವುದರಿಂದ ಪರಾಗ ಹೊತ್ತ ಆರು ಕೇಸರಗಳು ಕೊಡೆಯ ಕಡ್ಡಿಗಳಂತೆ ಸುತ್ತಲೂ ಚಾಚಿಕೊಳ್ಳುತ್ತವೆ. ನಡುವಿನ ಹಸಿರು ಅಂಡಾಶಯದ ತುದಿಯಿಂದ ಹೊರಡುವ ಶಲಾಕೆಯನ್ನು, ಅಂದರೆ ತುದಿಯಲ್ಲಿ ಪರಾಗವನ್ನು ಸ್ವೀಕರಿಸುವ ಎಳೆಯನ್ನು, ನೋಡಿ: ನೇರ ಕೆಳಗಿಳಿಯದೆ, ಬುಡದಲ್ಲೇ ಹೆಚ್ಚುಕಡಿಮೆ ಲಂಬಕೋನಕ್ಕೆ ತಿರುಗಿ, ಕೇಸರಗಳ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಮಧುವಿರುವುದು ಎಸಳಿನ ಬುಡದಲ್ಲಿ. ಅದನ್ನು ಹೀರಲು ಬಂದ ಚಿಟ್ಟೆ ರೆಕ್ಕೆ ಬಡಿಯುವಾಗ ಪರಾಗ ರೆಕ್ಕೆಗೆ ಮೆತ್ತುತ್ತದೆ, ಮುಂದಿನ ಹೂವಿನ ಶಲಾಕೆಯ ತುದಿಗೆ ಅದೇ ರೆಕ್ಕೆ ತಾಗುತ್ತದೆ. ಆ ಒಂದು ತಿರುವು ಕಾಣಬೇಕಾದರೆ ಕ್ಯಾಮೆರಾ ಹೂವಿನ ಮಟ್ಟಕ್ಕೆ ಇಳಿಯಬೇಕು, ಪಕ್ಕದಿಂದ ನೋಡಬೇಕು.

ಹೂವನ್ನು ಹೀಗೆ ಹತ್ತಿರದಿಂದ ನೋಡಿದ ಚಿತ್ರಕಾರರೂ ಇದ್ದಾರೆ. ಯುರೋಪಿನ ಧಾರ್ಮಿಕ ಚಿತ್ರಗಳಲ್ಲಿ ಬಿಳಿ ಲಿಲಿ ಯೇಸುವಿನ ತಾಯಿ ಮೇರಿಯ ಪರಿಶುದ್ಧತೆಯ ಕುರುಹು. ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿ ಅದನ್ನು ಬರೀ ಕುರುಹಾಗಿ ಬಿಡಲಿಲ್ಲ, ಗಿಡವನ್ನೇ ಎದುರಿಗಿಟ್ಟುಕೊಂಡವನ ಹಾಗೆ ಬರೆದ. 1802ರಿಂದ 1816ರವರೆಗೆ ಎಂಟು ಸಂಪುಟಗಳಲ್ಲಿ ಲಿಲಿ ಬಳಗದ ಚಿತ್ರಗಳನ್ನು ಹೊರತಂದ ಸಸ್ಯಚಿತ್ರಕಾರ ರೆಡೂಟೆಯದೂ ಅದೇ ಕಣ್ಣು. ನಮ್ಮ ಗೌರಿ ಹೂವು ಲಿಲಿಗಳ ಗಣಕ್ಕೆ ಸೇರಿದ್ದರೂ ಅಪ್ಪಟ ಲಿಲಿಯಲ್ಲ, ಅದರ ಕುಟುಂಬ ಬೇರೆ.

ಬಣ್ಣದ ವಿಚಾರದಲ್ಲಿ ಕ್ಯಾಮೆರಾ ಸುಲಭವಾಗಿ ಸೋಲುತ್ತದೆ. ಬಿಸಿಲಿನಲ್ಲಿ ಕೆಂಪು ಮಿತಿಮೀರಿ, ಎಸಳಿನ ಅಲೆಯಂಚು, ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಮೋಡ ಕವಿದ ಭಾದ್ರಪದದ ಬೆಳಕೇ ವಾಸಿ, ಬೆಳಕಿನ ಪ್ರಮಾಣವನ್ನು ತುಸು ತಗ್ಗಿಸಿದರೆ ಇನ್ನೂ ಒಳ್ಳೆಯದು. ಎಸಳು ಮೊದಲು ಹಸಿರು, ಆಮೇಲೆ ಹಳದಿ-ಕೆಂಪು, ಕೊನೆಗೆ ಕಡುಗೆಂಪು. ಒಂದೇ ಬಳ್ಳಿಯಲ್ಲಿ ಮೂರೂ ಪ್ರಾಯದ ಹೂಗಳು ಸಿಗುವಾಗ ಬರೀ ಕೆಂಪನ್ನೇ ಹುಡುಕುವುದೇಕೋ ತಿಳಿಯದು. ಎಲೆಯ ತುದಿಯನ್ನೂ ಚೌಕಟ್ಟಿನೊಳಗೆ ಉಳಿಸಿಕೊಳ್ಳಿ: ಅದೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದು ಬಳ್ಳಿಯನ್ನು ಮೇಲಕ್ಕೆತ್ತುತ್ತದೆ.

ಗೆಡ್ಡೆ ಕಿತ್ತು ಅಂಗಳದಲ್ಲಿ ನೆಡುವ ಆಸೆಯಿದ್ದರೆ ಮಕ್ಕಳು, ದನಕರುಗಳ ಮೇಲೆ ಕಣ್ಣಿರಲಿ. ಇಡೀ ಗಿಡ ವಿಷ, ಗೆಡ್ಡೆಯಂತೂ ಜೀವ ತೆಗೆಯಬಲ್ಲದು. ಅದರಲ್ಲಿರುವ ಕಾಲ್ಚಿಸಿನ್ ಎಂಬ ವಿಷ ಜೀವಕೋಶದ ವಿಭಜನೆಯನ್ನು ನಡುವೆಯೇ ತಡೆಯುತ್ತದೆ. ವೈದ್ಯರು ಗೌಟ್ ಎಂಬ ಕೀಲುಬೇನೆಯ ನೋವಿಗೆ ಅದನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ, ತಳಿ ವಿಜ್ಞಾನಿಗಳು ಸಸ್ಯಗಳ ವರ್ಣತಂತುಗಳನ್ನು (ಕ್ರೋಮೋಸೋಮ್) ಇಮ್ಮಡಿಗೊಳಿಸಲು ಬಳಸುತ್ತಾರೆ.