ಐನೂರರಲ್ಲಿ ಹದಿನಾರು ಜನ

1977ರ ಮೇ 17ರ ರಾತ್ರಿ. ಇಸ್ರೇಲಿನಲ್ಲಿ ಮತದಾನ ಆಗಷ್ಟೇ ಮುಗಿದಿತ್ತು. ಆಗ ಅಲ್ಲಿ ಇದ್ದದ್ದು ಒಂದೇ ಟಿವಿ ಚಾನೆಲ್. ವಾರ್ತೆ ಓದುತ್ತಿದ್ದ ಹೈಮ್ ಯಾವಿನ್ ಒಂದು ಪದ ಹೇಳಿದರು: 'ಮಹಪಾಖ್'. ಹೀಬ್ರೂವಿನಲ್ಲಿ ಹಾಗಂದರೆ ಬುಡಮೇಲು. ದೇಶ ಹುಟ್ಟಿದಾಗಿನಿಂದ ಲೇಬರ್ ಬಳಗದ ಕೈಯಲ್ಲೇ ಇದ್ದ ಅಧಿಕಾರ ಅಂದು ಮೆನಾಖೆಮ್ ಬೆಗಿನ್ ಅವರ ಬಲಪಂಥೀಯ ಪಕ್ಷ ಲಿಕುಡ್ ಪಾಲಾಗಿತ್ತು. ಮತ ಎಣಿಕೆ ಇನ್ನೂ ನಡೆದೇ ಇತ್ತು. ಯಾವಿನ್ ಕೈಯಲ್ಲಿದ್ದದ್ದು ಹನೋಖ್ ಸ್ಮಿತ್ ಎಂಬ ಸಮೀಕ್ಷಕರು ಸಿದ್ಧ ಮಾಡಿಕೊಟ್ಟ ಒಂದು ಅಂದಾಜು, ಅಷ್ಟೇ. ಅದು ನಿಜವಾಯಿತು. ಲಿಕುಡ್‌ಗೆ 43 ಸೀಟು, ಎದುರಾಳಿಗೆ 32.

ಹತ್ತೊಂಬತ್ತು ವರ್ಷದ ನಂತರ ಇಂಥದ್ದೇ ಇನ್ನೊಂದು ರಾತ್ರಿ ಬಂತು. 1996ರ ಮೇ 29. ಆ ಸಲ ಪ್ರಧಾನಿಯನ್ನು ಜನರೇ ನೇರವಾಗಿ ಆರಿಸುತ್ತಿದ್ದರು. ಮತಗಟ್ಟೆ ಸಮೀಕ್ಷೆಗಳು ಶಿಮೊನ್ ಪೆರೆಸ್ ಸ್ವಲ್ಪ ಮುಂದಿದ್ದಾರೆ ಎಂದವು. ಜನ ಪೆರೆಸ್ ಗೆದ್ದರು ಅಂದುಕೊಂಡು ಮಲಗಿದರು, ಬೆಳಗ್ಗೆ ಎದ್ದಾಗ ಪ್ರಧಾನಿ ಬೆಂಜಮಿನ್ ನೆತನ್ಯಾಹು. ಸುಮಾರು 30 ಲಕ್ಷ ಮತಗಳಲ್ಲಿ ಇಬ್ಬರ ನಡುವಿನ ಅಂತರ 29,457. ನೂರಕ್ಕೆ ಒಂದು. ಅಷ್ಟು ಸಣ್ಣ ಅಂತರವನ್ನು ಯಾವ ಸಮೀಕ್ಷೆಯೂ ಗಟ್ಟಿಯಾಗಿ ಹಿಡಿಯಲಾರದು.

ಮೊದಲ ರಾತ್ರಿ ಸಮೀಕ್ಷೆ ಗೆದ್ದಿತು, ಎರಡನೆಯದರಲ್ಲಿ ಸೋತಿತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಎರಡೂ ಸಲ ಬಳಸಿದ್ದು ಒಂದೇ ವಿಜ್ಞಾನ. ಅದು ಏನನ್ನು ಅಳೆಯುತ್ತದೆ, ಎಲ್ಲಿಗೆ ಅದರ ಕಣ್ಣು ಮಂಜಾಗುತ್ತದೆ ಎಂದು ತಿಳಿಯಲು ಇಸ್ರೇಲಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅನ್ನ ಬೆಂದಿದೆಯಾ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ, ಅಲ್ವಾ? ಅನ್ನಕ್ಕೆ ಅದು ಸರಿ. ಪಾತ್ರೆಯ ಅಗುಳೆಲ್ಲ ಒಂದೇ ಥರ. ಹುಳಿಗೆ ಆ ಮಾತು ನಡೆಯುವುದಿಲ್ಲ. ಬೇಳೆ ತಳ ಹಿಡಿದಿರುತ್ತದೆ, ಒಗ್ಗರಣೆ ಮೇಲೆ ತೇಲುತ್ತಿರುತ್ತದೆ. ಚೆನ್ನಾಗಿ ಕದಡಿ, ತಳದಿಂದ ಸೌಟು ಎತ್ತಿದರೆ ಮಾತ್ರ ರುಚಿ ಗೊತ್ತಾಗುವುದು. ಸಮಾಜ ಹುಳಿಯ ಹಾಗೆ. ಸಮೀಕ್ಷಕರು ಯಾರನ್ನು ಕೇಳಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡುವುದು ಇದೇ ಕಾರಣಕ್ಕೆ. ಹಾಗೆ ಆರಿಸಿದ 500 ಜನರ ಉತ್ತರ ನೂರರಲ್ಲಿ 95 ಸಲ ಶೇಕಡಾ 4.4ಕ್ಕಿಂತ ಹೆಚ್ಚು ಆಚೀಚೆ ಆಗುವುದಿಲ್ಲ. 1,000 ಜನರನ್ನು ಕೇಳಿದರೆ ಅದು 3.1ಕ್ಕೆ ಇಳಿಯುತ್ತದೆ. ತಪ್ಪನ್ನು ಅರ್ಧ ಮಾಡಬೇಕಾದರೆ ನಾಲ್ಕು ಪಟ್ಟು ಜನರನ್ನು ಕೇಳಬೇಕು. ಖರ್ಚೂ ನಾಲ್ಕು ಪಟ್ಟು. ಹಾಗಾಗಿ ಅಲ್ಲಿನ ಪತ್ರಿಕೆ, ಟಿವಿಗಳ ಎಷ್ಟೋ ಸಮೀಕ್ಷೆಗಳು ಐನೂರರ ಆಸುಪಾಸಿನಲ್ಲೇ ನಿಲ್ಲುತ್ತವೆ.

ಈಗ ಈ ಐನೂರು ಜನರನ್ನು ಇಸ್ರೇಲಿನ ಚುನಾವಣೆಗೆ ಹೊಂದಿಸಿ ನೋಡೋಣ. ನಮ್ಮಲ್ಲಿ ಕ್ಷೇತ್ರಕ್ಕೊಬ್ಬ ಶಾಸಕ. ಅಲ್ಲಿ ಇಡೀ ದೇಶವೇ ಒಂದು ಕ್ಷೇತ್ರ. ಮತದಾರ ಪಕ್ಷದ ಅಕ್ಷರ ಇರುವ ಒಂದು ಕಾಗದದ ಚೀಟಿಯನ್ನು ಲಕೋಟೆಗೆ ಹಾಕಿ ಪೆಟ್ಟಿಗೆಗೆ ಇಳಿಸುತ್ತಾನೆ. ಕ್ನೆಸೆಟ್ ಎಂಬ ಅವರ ಸಂಸತ್ತಿನಲ್ಲಿ 120 ಸೀಟು. ಪಕ್ಷಕ್ಕೆ ಸಿಕ್ಕ ಮತದ ಪಾಲಿಗೆ ತಕ್ಕಷ್ಟು ಸೀಟು. ಅಂದರೆ ಒಂದು ಸೀಟಿಗೆ ಶೇಕಡಾ 0.83 ಮತ. ಐನೂರು ಜನರ ಸಮೀಕ್ಷೆಯಲ್ಲಿ ಒಂದು ಸೀಟು ಎಂದರೆ ನಾಲ್ಕು ಜನ!

'ಲಿಕುಡ್‌ಗೆ ಈ ವಾರ ಎರಡು ಸೀಟು ಕಡಿಮೆ' ಎಂದು ಟಿವಿಯಲ್ಲಿ ದೊಡ್ಡ ಅಕ್ಷರ ಮೂಡಿದಾಗ ಅದರ ಹಿಂದಿರುವುದು ಎಂಟು ಜನರ ಉತ್ತರ. ನೂರಕ್ಕೆ 25 ಮತ ಇರುವ ಪಕ್ಷದ ಅಂದಾಜು ಸುಮ್ನೆ ಸ್ಯಾಂಪಲ್ಲಿನ ಅದೃಷ್ಟದಿಂದಲೇ ನಾಲ್ಕೈದು ಸೀಟು ಮೇಲೆ ಕೆಳಗೆ ಆಗಬಹುದು. ಎರಡು ಸೀಟಿನ ಏರಿಳಿತಕ್ಕೆ ಕಾರಣ ಹುಡುಕುತ್ತಾ ಗಂಟೆಗಟ್ಟಲೆ ಚರ್ಚೆ ಮಾಡುವುದು ನನಗಂತೂ ಬೇಸರ ತರುತ್ತದೆ. ಜನ ಮನಸ್ಸು ಬದಲಾಯಿಸಿದರೋ, ಬೇರೆ ಜನರಿಗೆ ಫೋನ್ ಹೋಯಿತೋ ಎಂದು ಒಂದೇ ಸಮೀಕ್ಷೆಯಿಂದ ಹೇಳಲು ಆಗುವುದಿಲ್ಲ.

ದೊಡ್ಡ ಪಕ್ಷಗಳಿಗಿಂತ ಹೆಚ್ಚು ಕಷ್ಟ ಸಣ್ಣ ಪಕ್ಷಗಳದ್ದು. ಕ್ನೆಸೆಟ್‌ಗೆ ಒಂದು ಹೊಸ್ತಿಲಿದೆ. 2014ರಿಂದ ಅದರ ಎತ್ತರ ಶೇಕಡಾ 3.25. ಅಷ್ಟು ಮತ ಬಂದರೆ ಸಾಮಾನ್ಯವಾಗಿ ನಾಲ್ಕು ಸೀಟು ಸಿಗುತ್ತದೆ, ಒಂದು ಮತ ಕಡಿಮೆಯಾದರೂ ಸೊನ್ನೆ. ಐನೂರು ಜನರಲ್ಲಿ ಶೇಕಡಾ 3.25 ಎಂದರೆ ಸುಮಾರು 16 ಜನ. ನಿಜವಾಗಿ ಸರಿಯಾಗಿ ಹೊಸ್ತಿಲ ಮೇಲೇ ನಿಂತಿರುವ ಪಕ್ಷವೊಂದನ್ನು ತೆಗೆದುಕೊಳ್ಳಿ. ಸಮೀಕ್ಷಕನಿಗೆ ಅದರ ಬೆಂಬಲಿಗರು ಒಂದು ದಿನ 8 ಜನ ಸಿಗಬಹುದು, ಇನ್ನೊಂದು ದಿನ 24 ಜನ. ಒಮ್ಮೆ ಪಕ್ಷ ಸತ್ತೇ ಹೋಯಿತು ಎಂದು ಕಾಣುತ್ತದೆ, ಇನ್ನೊಮ್ಮೆ ಐದಾರು ಸೀಟಿನೊಂದಿಗೆ ಮೆರೆಯುತ್ತದೆ. ಪಕ್ಷ ಮಾತ್ರ ಇದ್ದಲ್ಲೇ ಇದೆ.

ಇದು ಬರೀ ಲೆಕ್ಕದ ಮಾತಲ್ಲ. 2019ರ ಏಪ್ರಿಲ್‌ನಲ್ಲಿ ಬಲಪಂಥೀಯ ನಾಯಕ ನಫ್ತಾಲಿ ಬೆನೆಟ್ ಅವರ ಪಕ್ಷಕ್ಕೆ ಬಂದದ್ದು ಶೇಕಡಾ 3.22. ಸುಮಾರು ಒಂದೂವರೆ ಸಾವಿರ ಮತ ಕಡಿಮೆಯಾಗಿ ಹೊರಗೇ ಉಳಿದರು. ಎರಡು ವರ್ಷದ ನಂತರ ಅದೇ ಬೆನೆಟ್ ಪ್ರಧಾನಿಯಾದರು. 2022ರ ನವೆಂಬರ್‌ನಲ್ಲಿ ಪೆಟ್ಟು ಬಿದ್ದದ್ದು ಎದುರು ಪಾಳೆಯಕ್ಕೆ. ದಶಕಗಳಿಂದ ಶಾಂತಿ ಮಾತುಕತೆಯ ಪರವಾಗಿ ನಿಂತಿದ್ದ ಎಡಪಕ್ಷ ಮೆರೆಟ್ಜ್ ಶೇಕಡಾ 3.16 ಪಡೆದು, ಸುಮಾರು ನಾಲ್ಕು ಸಾವಿರ ಮತಗಳಿಂದ ಎಡವಿತು. ಅರಬ್ ಪಕ್ಷ ಬಲದ್ ಶೇಕಡಾ 2.9ಕ್ಕೆ ನಿಂತಿತು. ಎರಡೂ ಸೇರಿ 2,80,000ಕ್ಕೂ ಜಾಸ್ತಿ ಮತ ಲೆಕ್ಕಕ್ಕೇ ಬರಲಿಲ್ಲ. ನೆತನ್ಯಾಹು ಪರ ಮತ್ತು ವಿರೋಧಿ ಬಣಗಳ ಒಟ್ಟು ಮತ ಹೆಚ್ಚೂಕಮ್ಮಿ ಸಮ ಇತ್ತು. ಸೀಟು ಮಾತ್ರ 64–56. ಒಂದು ದೇಶದ ದಿಕ್ಕು ಬದಲಾದದ್ದು ಐನೂರರಲ್ಲಿ ಹದಿನಾರು ಜನರೋ ಹದಿನೈದು ಜನರೋ ಎಂಬಷ್ಟು ಸಣ್ಣ ಜಾಗದಲ್ಲಿ.

ಸಮೀಕ್ಷೆ ಚುನಾವಣೆಯನ್ನು ಅಳೆಯುತ್ತಲೇ ಅದನ್ನು ಅಲುಗಿಸುವುದೂ ಉಂಟು. ಥರ್ಮಾಮೀಟರ್ ಇಟ್ಟರೆ ಜ್ವರ ಏರುವುದಿಲ್ಲ, ಇಲ್ಲಿ ಏರುತ್ತದೆ. ಇಸ್ರೇಲಿಗರು ಇದಕ್ಕೆ ಯಿಡ್ಡಿಶ್ ಭಾಷೆಯಿಂದ ಒಂದು ಪದ ಇಟ್ಟುಕೊಂಡಿದ್ದಾರೆ: 'ಗೆವಾಲ್ಟ್'. ಅಯ್ಯೋ, ಕೆಟ್ಟೆವು ಎನ್ನುವ ಕೂಗು. ಕೊನೆಯ ದಿನಗಳಲ್ಲಿ ನಾಯಕರು ಸಮೀಕ್ಷೆ ಹಿಡಿದುಕೊಂಡು 'ನಾವು ಸೋಲುತ್ತಿದ್ದೇವೆ, ಬನ್ನಿ' ಎಂದು ಬೊಬ್ಬೆ ಹಾಕುತ್ತಾರೆ. 2015ರ ಮಾರ್ಚ್‌ನಲ್ಲಿ ಕೊನೆಯ ಸಮೀಕ್ಷೆಗಳಲ್ಲಿ ಲಿಕುಡ್ ಎದುರಾಳಿ ಜಿಯೋನಿಸ್ಟ್ ಯೂನಿಯನ್‌ಗಿಂತ ಹಿಂದಿತ್ತು. ಚುನಾವಣೆ ಮಂಗಳವಾರ. ಅದರ ಹಿಂದಿನ ಶುಕ್ರವಾರದ ನಂತರ ಹೊಸ ಸಮೀಕ್ಷೆ ಪ್ರಕಟಿಸಲು ಕಾನೂನು ಬಿಡುವುದಿಲ್ಲ. ಆ ದಿನಗಳಲ್ಲೇ ನೆತನ್ಯಾಹು ಗೆವಾಲ್ಟ್ ಕೂಗಿದರು. ಮತದಾನದ ದಿನ ಅರಬ್ ಮತದಾರರು ದಂಡುದಂಡಾಗಿ ಬರುತ್ತಿದ್ದಾರೆ ಎಂದು ವೀಡಿಯೊ ಹಾಕಿದರು. ತಮ್ಮದೇ ದೇಶದ ಪ್ರಜೆಗಳ ಮತವನ್ನು ಅಪಾಯ ಎಂಬಂತೆ ತೋರಿಸಿದ ಆ ಮಾತು ಇವತ್ತಿಗೂ ನೋಯಿಸುತ್ತದೆ. ಬೇರೆ ಬಲಪಂಥೀಯ ಪಕ್ಷಗಳ ಮತ ಲಿಕುಡ್ ಕಡೆ ಹರಿಯಿತು. ಮೂರು ಮತಗಟ್ಟೆ ಸಮೀಕ್ಷೆಗಳಲ್ಲಿ ಎರಡು 27–27ರ ಸಮಬಲ ಎಂದವು. ಎಣಿಸಿದಾಗ 30–24. ಶುಕ್ರವಾರದ ಸಮೀಕ್ಷೆ ಶುಕ್ರವಾರದ ಮಟ್ಟಿಗೆ ಸರಿಯೇ ಇದ್ದಿರಬಹುದು.

ಇನ್ನು ಸೌಟು ಮುಟ್ಟದ ಜನ. ಹರೇದಿ ಎಂಬ ಕಟ್ಟಾ ಸಂಪ್ರದಾಯಸ್ಥ ಯಹೂದಿಗಳಲ್ಲಿ ಬಹಳ ಜನ ಇಂಟರ್ನೆಟ್ಟೇ ಇಲ್ಲದ 'ಕೋಷರ್ ಫೋನ್' ಬಳಸುತ್ತಾರೆ. ಆನ್‌ಲೈನ್ ಸಮೀಕ್ಷೆಗೆ ಅವರು ಸಿಗುವುದು ಕಷ್ಟ. ಜನಸಂಖ್ಯೆಯ ಐದನೇ ಒಂದು ಭಾಗ ಅರಬ್ ಪ್ರಜೆಗಳು. ಅವರನ್ನು ಅರಬ್ಬಿಯಲ್ಲೇ ಕೇಳಬೇಕು. ಸೋವಿಯತ್ ಒಕ್ಕೂಟದಿಂದ ಬಂದ ಹಿರಿಯರನ್ನು ರಷ್ಯನ್‌ನಲ್ಲಿ. ಮೂರು ಭಾಷೆಯಲ್ಲಿ ಒಂದೇ ಪ್ರಶ್ನೆ ಒಂದೇ ತೂಕದಲ್ಲಿ ಕೇಳುವುದು ಅನುವಾದ ಮಾಡಿದವರಿಗೇ ಗೊತ್ತು ಎಷ್ಟು ಕಷ್ಟ ಎಂದು.

ಮತ ಯಾರಿಗೆ ಎಂಬ ಪ್ರಶ್ನೆಗೆ ಕೊನೆಗೆ ಒಂದು ಪೆಟ್ಟಿಗೆ ಇದೆ. ಅದನ್ನು ತೆರೆದರೆ ಸಮೀಕ್ಷೆ ಸರಿಯೋ ತಪ್ಪೋ ಗೊತ್ತಾಗುತ್ತದೆ. ಶಾಂತಿ ಬೇಕೇ ಎಂಬ ಪ್ರಶ್ನೆಗೆ ಅಂಥ ಪೆಟ್ಟಿಗೆ ಇಲ್ಲ.

ಇದನ್ನು ಅಳೆಯುವ ದಾರಿಯ ಬಗ್ಗೆ ಆಳವಾಗಿ ಯೋಚಿಸಿದವರಲ್ಲಿ ಲೂಯಿ ಗಟ್ಮನ್ ಒಬ್ಬರು. ಅಮೆರಿಕದಲ್ಲಿ ಹುಟ್ಟಿ ಜೆರುಸಲೇಮಿನಲ್ಲಿ ಸಮಾಜ ಸಂಶೋಧನೆಯ ಸಂಸ್ಥೆ ಕಟ್ಟಿದರು. ಅವರ ಹೆಸರಿನ ಮಾಪಕ ಇಂದಿಗೂ ಪಠ್ಯಗಳಲ್ಲಿದೆ. ಅದನ್ನು ಮೆಟ್ಟಿಲು ಎಂದುಕೊಳ್ಳಿ. ಎದುರಿನವರ ಜೊತೆ ಮಾತಾಡಬಹುದೇ? ಸ್ವಲ್ಪ ನೆಲ ಬಿಟ್ಟುಕೊಡಬಹುದೇ? ಅವರಿಗೆ ಸ್ವಂತ ರಾಷ್ಟ್ರ ಆಗಬಹುದೇ? ಜೆರುಸಲೇಮನ್ನು ಹಂಚಿಕೊಳ್ಳಬಹುದೇ? ನಾಲ್ಕನೇ ಮೆಟ್ಟಿಲಿಗೆ ಹೂಂ ಎಂದವರು ಕೆಳಗಿನ ಮೂರಕ್ಕೂ ಹೂಂ ಎಂದಿರುತ್ತಾರೆ. ಉತ್ತರಗಳು ಹೀಗೆ ಸಾಲಾಗಿ ಬಿದ್ದರೆ ಪ್ರಶ್ನೆಗಳು ಒಂದೇ ವಿಷಯವನ್ನು ಅಳೆಯುತ್ತಿವೆ ಎಂದರ್ಥ. ಚದುರಿದರೆ, ನಾವು ಒಂದೇ ಎಂದುಕೊಂಡದ್ದು ಎರಡು ಮೂರು ಬೇರೆ ವಿಷಯ. 'ಇಸ್ರೇಲಿಗರು ಶಾಂತಿ ಪರವೋ ವಿರೋಧವೋ' ಎಂಬ ಒಂದೇ ಪ್ರಶ್ನೆ ಎಷ್ಟು ಬಡವಾದದ್ದು ಎಂದು ಈ ಮೆಟ್ಟಿಲು ತೋರಿಸುತ್ತದೆ. ಪ್ರಶ್ನೆ ಯಾವ ಮೆಟ್ಟಿಲಿನದು ಎಂದು ತಿಳಿಯದೆ ಶೇಕಡಾವಾರು ಓದಿ ಪ್ರಯೋಜನ ಇಲ್ಲ.

ಪ್ಯಾಲೆಸ್ಟೀನಿಯರು ಇರುವ ಪಶ್ಚಿಮ ದಂಡೆಯ ರಾಮಲ್ಲಾದಲ್ಲಿ ಖಲೀಲ್ ಶಿಕಾಕಿ ನಡೆಸುವ ಸಮೀಕ್ಷಾ ಕೇಂದ್ರ ಮತ್ತು ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಎರಡೂ ಕಡೆಯ ಜನರನ್ನು ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. ಅವರು ಒಂದು ಇಡೀ ಒಪ್ಪಂದವನ್ನೇ ತುಂಡುತುಂಡಾಗಿ ಮುಂದಿಟ್ಟರು: ಸೇನೆ ಇಲ್ಲದ ಪ್ಯಾಲೆಸ್ಟೀನ್ ರಾಷ್ಟ್ರ, 1967ರ ಗಡಿಯ ಮೇಲೆ ಸಮಸಮ ನೆಲದ ವಿನಿಮಯ, 1,00,000 ನಿರಾಶ್ರಿತರಿಗೆ ಇಸ್ರೇಲಿನಲ್ಲಿರುವ ಕುಟುಂಬ ಸೇರಲು ಅವಕಾಶ, ಜೆರುಸಲೇಮಿನ ಪಶ್ಚಿಮ ಇಸ್ರೇಲಿನ ರಾಜಧಾನಿ, ಪೂರ್ವ ಪ್ಯಾಲೆಸ್ಟೀನಿನದು. ಎರಡು ರಾಷ್ಟ್ರ ಎಂಬ ತತ್ವಕ್ಕೆ ತಲೆಯಾಡಿಸಿದವರಲ್ಲಿ ಹಲವರು ಈ ವಿವರ ಕೇಳಿದಾಗ ಹಿಂದೆ ಸರಿದರು. ಅಲ್ಲಿಗೇ ನಿಲ್ಲಿಸಿದ್ದರೆ ಕಥೆ ಮುಗಿಯುತ್ತಿತ್ತು. ಅವರು ಬೇಡ ಎಂದವರನ್ನೇ ಮತ್ತೆ ಕೇಳಿದರು: ಇದರ ಜೊತೆ ಇಂಥದ್ದೊಂದು ಸಿಕ್ಕರೆ? ಪ್ಯಾಲೆಸ್ಟೀನಿಯರಿಗೆ, ಇಸ್ರೇಲಿನ ಜೈಲಿನಲ್ಲಿರುವ ನಿಮ್ಮವರ ಬಿಡುಗಡೆಯಾದರೆ? ವಿರೋಧಿಸಿದವರಲ್ಲಿ ದೊಡ್ಡ ಪಾಲು ಮನಸ್ಸು ಬದಲಾಯಿಸಿತು. ಇಸ್ರೇಲಿಗರಲ್ಲೂ ಕೆಲವು ಭರವಸೆಗಳು ಹಾಗೆ ಕೆಲಸ ಮಾಡಿದವು. ನನ್ನ ಮಟ್ಟಿಗೆ ಈ ಎಲ್ಲ ಸಮೀಕ್ಷೆಗಳಲ್ಲಿ ಅತಿ ಮುಖ್ಯವಾದ ಮಾಹಿತಿ ಇದು. 'ಇಲ್ಲ' ಎಂಬುದು ಎಷ್ಟೋ ಸಲ 'ಇಷ್ಟಕ್ಕೇ ಆಗದು' ಎಂದಿರುತ್ತದೆ.

ಆದರೂ ತತ್ವಕ್ಕಿರುವ ಬೆಂಬಲವೇ ಕುಸಿಯುತ್ತಿದೆ. ಎರಡು ರಾಷ್ಟ್ರಗಳ ಪರಿಹಾರಕ್ಕೆ 2018ರಲ್ಲಿ ಪ್ಯಾಲೆಸ್ಟೀನಿಯರಲ್ಲೂ ಇಸ್ರೇಲಿ ಯಹೂದಿಗಳಲ್ಲೂ ಶೇಕಡಾ 43 ಬೆಂಬಲವಿತ್ತು. 2023ರ ಜನವರಿ ಹೊತ್ತಿಗೆ 33 ಮತ್ತು 34. ಆ ಸಮೀಕ್ಷೆಯಲ್ಲಿ ಎರಡೂ ಕಡೆ ನೂರಕ್ಕೆ 80ಕ್ಕಿಂತ ಜಾಸ್ತಿ ಜನ ಎದುರಿನವರನ್ನು ನಂಬಲಾಗದು ಎಂದರು. ಅದಾಗಿ ಒಂಬತ್ತು ತಿಂಗಳಿಗೆ ಅಕ್ಟೋಬರ್ 7ರ ದಾಳಿ, ನಂತರ ಗಾಜಾ ಯುದ್ಧ.

ಈ ಅಂಕಿ ಕಲ್ಲಿನ ಮೇಲೆ ಕೆತ್ತಿದ್ದೇ? 1977ಕ್ಕೆ ಮತ್ತೆ ಹೋಗೋಣ. ಆ ವರ್ಷದ ನವೆಂಬರ್ 19ರಂದು ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದತ್ ಇಸ್ರೇಲಿಗೆ ಬಂದಿಳಿದರು. ಮರುದಿನ ಕ್ನೆಸೆಟ್‌ನಲ್ಲಿ ಮಾತಾಡಿದರು. ನಾಲ್ಕು ವರ್ಷದ ಹಿಂದಷ್ಟೇ ಯುದ್ಧ ಮಾಡಿದ್ದ ದೇಶ ಅದು. ಈಜಿಪ್ಟಿಗೆ ನಿಜಕ್ಕೂ ಶಾಂತಿ ಬೇಕು ಎಂದು ನಂಬುವ ಇಸ್ರೇಲಿಗರ ಪ್ರಮಾಣ ಕೆಲವೇ ದಿನಗಳಲ್ಲಿ ಗಗನಕ್ಕೇರಿದ್ದನ್ನು ಜೆರುಸಲೇಮಿನ ಸಮೀಕ್ಷೆಗಳು ದಾಖಲಿಸಿದವು. ಮರುವರ್ಷ ಕ್ಯಾಂಪ್ ಡೇವಿಡ್ ಒಪ್ಪಂದ ಕ್ನೆಸೆಟ್‌ಗೆ ಬಂದಾಗ 84 ಮಂದಿ ಪರ, 19 ಮಂದಿ ವಿರುದ್ಧ. ಅದನ್ನು ತಂದದ್ದು ಆ ಬುಡಮೇಲಿನ ರಾತ್ರಿ ಗೆದ್ದ ಬೆಗಿನ್ ಸರ್ಕಾರವೇ. 1982ರ ಏಪ್ರಿಲ್‌ನಲ್ಲಿ, ಇಸ್ರೇಲ್ ಹಿಡಿದಿದ್ದ ಸಿನಾಯ್ ಹೆಚ್ಚೂಕಮ್ಮಿ ಪೂರ್ತಿ ಈಜಿಪ್ಟಿಗೆ ವಾಪಸಾಯಿತು. ಭೇಟಿಗೆ ಒಂದು ತಿಂಗಳ ಮೊದಲು ಜನರನ್ನು ಕೇಳಿದ್ದರೆ ಇಂಥದ್ದು ಆಗುವ ಲಕ್ಷಣ ಅಂಕಿಗಳಲ್ಲಿ ಕಾಣುತ್ತಿರಲಿಲ್ಲ.

ಕೇಳುವವರ ಕೆಲಸವೂ ಸುಲಭದ್ದಲ್ಲ. 2003ರ ಜುಲೈನಲ್ಲಿ ಶಿಕಾಕಿ ನಿರಾಶ್ರಿತರ ಸಮೀಕ್ಷೆಯೊಂದರ ಫಲಿತಾಂಶ ಹೊರಗಿಟ್ಟರು. ಪಶ್ಚಿಮ ದಂಡೆ, ಗಾಜಾ, ಜೋರ್ಡನ್, ಲೆಬನಾನಿನ ಸುಮಾರು 4,500 ಕುಟುಂಬಗಳನ್ನು ಕೇಳಲಾಗಿತ್ತು. ಈಗ ಇಸ್ರೇಲ್ ಇರುವ ನೆಲದ ತಮ್ಮ ಊರುಗಳಿಗೆ ಮರಳುವ ಹಕ್ಕು ತಮ್ಮದು ಎಂಬುದನ್ನು ಬಹುತೇಕ ಎಲ್ಲರೂ ಒತ್ತಿ ಹೇಳಿದ್ದರು. ಆದರೆ ಆಯ್ಕೆ ಕೊಟ್ಟರೆ ಇಸ್ರೇಲಿನೊಳಗೇ ಹೋಗಿ ನೆಲೆಸುತ್ತೇವೆ ಎಂದವರು ನೂರಕ್ಕೆ ಹತ್ತು. ಹಕ್ಕು ಒಂದು ಮೆಟ್ಟಿಲು, ಅದನ್ನು ಬಳಸುವುದು ಇನ್ನೊಂದು. ಫಲಿತಾಂಶ ಹೇಳುವ ದಿನವೇ ಗುಂಪೊಂದು ಅವರ ಕಚೇರಿಗೆ ನುಗ್ಗಿ ಸಾಮಾನು ಒಡೆದು ಹಾಕಿತು, ಅವರ ಮೇಲೆ ಮೊಟ್ಟೆ ಎಸೆಯಿತು.

ಕೇಂದ್ರ ಕೆಲಸ ನಿಲ್ಲಿಸಲಿಲ್ಲ. 2023ರ ನವೆಂಬರ್ ಕೊನೆಯಲ್ಲಿ ಗಾಜಾದಲ್ಲಿ ಕೆಲವು ದಿನ ಗುಂಡಿನ ಸದ್ದು ನಿಂತಿತ್ತು. ಸ್ಯಾಂಪಲ್ ಆರಿಸಲು ಬೇಕಾದ ಮನೆಗಳ ಪಟ್ಟಿ ಇತ್ತು, ಎಷ್ಟೋ ಮನೆಗಳು ಇರಲಿಲ್ಲ. ಜನ ಊರು ಬಿಟ್ಟು ದಕ್ಷಿಣಕ್ಕೆ ಬಂದು ಶಾಲೆಗಳಲ್ಲಿ, ನೆಂಟರ ಮನೆಗಳಲ್ಲಿ, ಡೇರೆಗಳಲ್ಲಿ ಇದ್ದರು. ಸಮೀಕ್ಷಕರು ಅಲ್ಲಿಗೇ ಹೋದರು. ಒಬ್ಬೊಬ್ಬರ ಎದುರು ಕೂತು ಪ್ರಶ್ನೆ ಕೇಳಿದರು. ಗಾಜಾದಲ್ಲಿ 481 ಜನ ಉತ್ತರ ಕೊಟ್ಟರು.