ಕೆರೆಯೊಳಗೆ ಎರಡು ಕೆರೆ

ರಜೆಯಲ್ಲಿ ಹಳ್ಳಿ ಕಡೆಯ ಸಣ್ಣ ಕೆರೆಗೆ ಹೋದವರ ಬಾಯಲ್ಲಿ ಮೊದಲು ಬರುವ ಮಾತು, "ಎಷ್ಟು ನಿಶ್ಶಬ್ದ ಅಲ್ವಾ?" ಆದರೆ ಸ್ವಲ್ಪ ಹೊತ್ತು ಏರಿಯ ಮೇಲೆ ಸುಮ್ನೆ ಕೂತು ನೋಡಿ. ಆಚೆ ದಡದಲ್ಲಿ ಯಾರೋ ಆಡುವ ಮಾತು ಪಕ್ಕದಲ್ಲೇ ಆಡಿದಂತೆ ಕೇಳಿಸುತ್ತದೆ. ಬಯಲಿನಲ್ಲಾದರೆ ಅಷ್ಟು ದೂರಕ್ಕೆ ಒಂದಕ್ಷರವೂ ತಿಳಿಯುವುದಿಲ್ಲ.

ಬಿಸಿಲಿನ ದಿನ ನೀರು ಗಾಳಿಗಿಂತ ತಣ್ಣಗಿರುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಮೇಲಿನ ಗಾಳಿ ಬಿಸಿಯಾಗಿಯೇ ಉಳಿಯುತ್ತದೆ. 20 ಡಿಗ್ರಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಒಂದೊಂದು ಡಿಗ್ರಿ ಏರಿದಾಗಲೂ ಸುಮಾರು 0.6 ಮೀಟರ್ ಜಾಸ್ತಿ. ಹೀಗೆ ಶಬ್ದದ ಅಲೆಯ ಮೇಲ್ಭಾಗ ಮುಂದೋಡಿ, ಇಡೀ ಅಲೆ ಕೆಳಕ್ಕೆ ಬಾಗುತ್ತದೆ. ಆಕಾಶಕ್ಕೆ ಹೋಗಬೇಕಿದ್ದ ಮಾತು ನಮ್ಮ ಕಿವಿಗೆ ಬೀಳುತ್ತದೆ. ಅಲೆಯಿಲ್ಲದ ನೀರು ಹುಲ್ಲಿನ ಹಾಗೆ ಶಬ್ದವನ್ನು ಹೀರುವುದೂ ಇಲ್ಲ. ಗುಟ್ಟು ಮಾತಾಡಲು ಕೆರೆ ದಂಡೆ ಒಳ್ಳೆಯ ಜಾಗವಲ್ಲ.

ಈಗ ನೀರಿನೊಳಗೆ ಬನ್ನಿ. ಇಲ್ಲೂ ಗಾಳಿಯ ಹಾಗೆ ಪದರಗಳಿವೆ, ಲೆಕ್ಕವೂ ಅದೇ: ಬಿಸಿಯಾಗಿ ಹಗುರವಾದದ್ದು ಮೇಲೆ, ತಣ್ಣಗಿನದು ಕೆಳಗೆ. ಬಿಸಿಲಿನ ಶಾಖದ ಬಹುಪಾಲನ್ನು ಮೇಲಿನ ನೀರೇ ಹಿಡಿದುಕೊಳ್ಳುತ್ತದೆ. ಎದೆಮಟ್ಟದ ನೀರಿನಲ್ಲಿ ನಿಂತರೆ ಎದೆಗೆ ಬೆಚ್ಚಗೆ, ಪಾದಕ್ಕೆ ತಣ್ಣಗೆ. ಎರಡೂ ಸುಲಭವಾಗಿ ಬೆರೆಯುವುದಿಲ್ಲ.

ಬೆಚ್ಚಗಿನ ನಾಡಿನ ಕೆರೆಗಳಲ್ಲಂತೂ ಈ ಹಟ ಜಾಸ್ತಿ. ಒಂದು ಘನ ಮೀಟರ್ ನೀರಿನ ತೂಕ 4 ಡಿಗ್ರಿಯಿಂದ 5ಕ್ಕೆ ಏರಿದಾಗ ಇಳಿಯುವುದು ಬರೀ 8 ಗ್ರಾಂ. ಅದೇ 29ರಿಂದ 30ಕ್ಕೆ ಏರಿದರೆ ಸುಮಾರು 300 ಗ್ರಾಂ! ಹಾಗಾಗಿ ಬಿಸಿ ನೀರಿನಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸವೇ ಮುಚ್ಚಳ ಹಾಕಿದಂತೆ ಕೆಲಸ ಮಾಡುತ್ತದೆ.

ಮುಚ್ಚಳದ ಕೆಳಗೆ ಆಮ್ಲಜನಕ ಇಳಿಯುವುದಿಲ್ಲ. ತಳದಲ್ಲಿ ಕೊಳೆಯುವ ಎಲೆ, ಪಾಚಿ ಇದ್ದಬದ್ದದ್ದನ್ನೂ ಮುಗಿಸುತ್ತವೆ. ಆಮೇಲೆ ಆಮ್ಲಜನಕ ಬೇಡದ ಸೂಕ್ಷ್ಮಜೀವಿಗಳ ಕಾರುಬಾರು. ದಂಡೆಯ ಕೆಸರನ್ನು ಕೋಲಿನಿಂದ ಕದಡಿದರೆ ಗುಳುಗುಳು ಎಂದು ಗುಳ್ಳೆಗಳು ಏಳುತ್ತವೆ. ಅದರಲ್ಲಿ ಹೆಚ್ಚಿನದು ಮೀಥೇನ್. ಕೊಳೆತ ಮೊಟ್ಟೆಯ ವಾಸನೆ ಬಂದರೆ ಜತೆಗೆ ಹೈಡ್ರೋಜನ್ ಸಲ್ಫೈಡ್ ಕೂಡ ಇದೆ. 1776ರಲ್ಲಿ ಇಟಲಿಯ ಮಜ್ಜೋರೆ ಸರೋವರದಲ್ಲಿ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ ಮಾಡಿದ್ದೂ ಇದನ್ನೇ. ಕೆಸರು ಕದಡಿ, ಗುಳ್ಳೆಗಳನ್ನು ಬಾಟಲಿಯಲ್ಲಿ ಹಿಡಿದು, ಅದು ಹೊತ್ತಿ ಉರಿಯುವ ಅನಿಲ ಎಂದು ತೋರಿಸಿದ. ಬ್ಯಾಟರಿ ಕಂಡುಹಿಡಿದದ್ದು ಅದಾದ ಎಷ್ಟೋ ವರ್ಷಗಳ ಮೇಲೆ.

ಆಳವಿಲ್ಲದ ಕೆರೆಯಲ್ಲಿ ಈ ಮುಚ್ಚಳ ಎಷ್ಟೋ ಸಲ ರಾತ್ರಿಯೇ ತೆರೆದುಕೊಳ್ಳುತ್ತದೆ. ಮೇಲಿನ ನೀರು ತಣಿದು ಭಾರವಾಗಿ ಕೆಳಗಿಳಿಯುತ್ತದೆ, ತಳದ್ದು ಮೇಲೆ ಬರುತ್ತದೆ. ದಿನಾ ಸ್ವಲ್ಪ ಸ್ವಲ್ಪ ಬೆರೆತರೆ ತೊಂದರೆಯಿಲ್ಲ. ಬಹಳ ದಿನ ಮುಚ್ಚಿಕೊಂಡೇ ಇದ್ದು, ಒಂದು ದಿನ ಬಿರುಗಾಳಿ ಮಳೆ ಬಂದು ಎಲ್ಲವನ್ನೂ ಒಟ್ಟಿಗೆ ತಿರುವಿಹಾಕಿದರೆ ಮಾತ್ರ ಕಷ್ಟ. ಆಮ್ಲಜನಕವಿಲ್ಲದ ತಳದ ನೀರು ಕೆರೆಯಿಡೀ ಹರಡುತ್ತದೆ. ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿರುತ್ತವೆ. ಕೆಲವು ಆಗಲೇ ತೇಲುತ್ತಿರುತ್ತವೆ.

ಯಾರೋ ವಿಷ ಹಾಕಿದರು ಎಂಬ ಮಾತು ಕೂಡಲೇ ಹುಟ್ಟುತ್ತದೆ. ಒಮ್ಮೊಮ್ಮೆ ಅದು ನಿಜವೂ ಇರಬಹುದು. ಆದರೆ ಸತ್ತವುಗಳಲ್ಲಿ ದೊಡ್ಡ ಮೀನುಗಳೇ ಜಾಸ್ತಿಯಿದ್ದು, ಮರಿಗಳು ಇನ್ನೂ ಓಡಾಡುತ್ತಿದ್ದರೆ, ವಿಷಕ್ಕಿಂತ ಮೊದಲು ಆಮ್ಲಜನಕದ ಕೊರತೆಯನ್ನೇ ಅನುಮಾನಿಸಬೇಕು.